ಐದಡಿ ಹುಡುಗಿ 100 ಮೀಟರ್ ಓಡಬಾರದಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಆಫೀಸಲ್ಲಿ ಕೆಲಸ ಮಾಡ್ತಿರೋ ಥರ ನಟಿಸ್ತಾ ಕೇಳ್ತಿದ್ದೀರೋ ಗೊತ್ತಿಲ್ಲ. ಒಂದು ಇಪ್ಪತ್ತು ನಿಮಿಷ ನನ್ನ ಜೊತೆ ಇರಿ.

ಹೋದ ವಾರ ನನಗೊಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದ್ದು ಒಂಬತ್ತನೇ ಕ್ಲಾಸಿನ ಹುಡುಗಿ, ಅಮ್ಮನ ಫೋನಿಂದ. ಹೆಸರು, ಊರು ಹೇಳಲ್ಲ, ಅವಳೇ ಬೇಡ ಅಂದಿದ್ದಾಳೆ. ಅವಳು ಕೇಳಿದ್ದು ಇಷ್ಟು: "ಅಕ್ಕಾ, ನಮ್ಮ ಸ್ಕೂಲಲ್ಲಿ 100 ಮೀಟರ್‌ಗೆ ನಾನೇ ಫಸ್ಟ್. ಆದ್ರೆ ನಮ್ಮ ಪಿಟಿ ಸರ್, ನಿನ್ನ ಹೈಟ್‌ಗೆ ಸ್ಪ್ರಿಂಟ್ ಮುಂದಕ್ಕೆ ಹೋಗಲ್ಲ, ಖೊ-ಖೊಗೆ ಸೇರ್ಕೋ ಅಂತಾರೆ. ನನ್ನ ಹೈಟ್ 4 ಅಡಿ 11 ಇಂಚು. ಅಮ್ಮ ಹೈಟ್ ಜಾಸ್ತಿ ಮಾಡೋ ಪೌಡರ್ ತರಿಸೋಣ ಅಂತಿದ್ದಾರೆ. ತರಿಸ್ಬೇಕಾ?"

ಈ ಮೆಸೇಜನ್ನ ನಾನು ಮೂರು ಸಲ ಕೇಳಿದೆ. ಯಾಕಂದ್ರೆ ಸ್ಕೂಲ್ ಅಸೆಂಬ್ಲಿ ಲೈನಲ್ಲಿ ಯಾವಾಗ್ಲೂ ಮೊದಲನೇ ಜಾಗದಲ್ಲಿ ನಿಲ್ತಿದ್ದವಳು ನಾನು. ಎಂಟನೇ ಕ್ಲಾಸಲ್ಲಿ ರಿಲೇ ಟೀಮ್ ಆರಿಸುವಾಗ ನಮ್ಮನ್ನ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಹಿಂದಿನ ನಾಲ್ಕು ಜನರನ್ನ ಕರೆದರು. ಓಡಿಸಿ ನೋಡಲೇ ಇಲ್ಲ. ನಾನು ದೊಡ್ಡ ಓಟಗಾರ್ತಿ ಆಗ್ತಿದ್ದೆ ಅಂತ ಹೇಳ್ತಿಲ್ಲ, ಖಂಡಿತ ಆಗ್ತಿರಲಿಲ್ಲ. ಆದ್ರೆ ಓಡಿಸಿ ನೋಡಿ 'ಬೇಡ' ಅನ್ನೋದಕ್ಕೂ, ನಿಲ್ಲಿಸಿ ನೋಡಿ 'ಬೇಡ' ಅನ್ನೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಹಾಗಾಗಿ ಇವತ್ತಿನ ವಿಷಯ ಇದೇ. ಹೆಣ್ಣುಮಕ್ಕಳ ಸ್ಪ್ರಿಂಟ್‌ನಲ್ಲಿ ಎತ್ತರಕ್ಕೆ ಎಷ್ಟು ಬೆಲೆ? ಸುಮ್ಮನೆ "ಕನಸು ಕಾಣು, ಸಾಧಿಸ್ತೀಯ" ಅಂತ ಸ್ಟೇಟಸ್ ಹಾಕೋ ಮಾತು ಬೇಡ. ಎತ್ತರದಿಂದ ಎಲ್ಲಿ ಲಾಭ, ಎಲ್ಲಿ ನಷ್ಟ, ಸರಿಯಾಗಿ ಲೆಕ್ಕ ಹಾಕೋಣ. ನಾನು ಓದಿದ್ದು ಬಿ.ಕಾಂ. ಲೆಕ್ಕ ಟ್ಯಾಲಿ ಆಗದಿದ್ರೆ ನನಗೆ ನಿದ್ದೆ ಬರಲ್ಲ.

ಒಂದು ಪದಕ ವೇದಿಕೆ

ಮೊದಲು ಒಂದು ಚಿತ್ರ ಕಣ್ಮುಂದೆ ತಂದ್ಕೊಳ್ಳಿ. 2021ರ ಜುಲೈ 31, ಟೋಕಿಯೊ ಒಲಿಂಪಿಕ್ಸ್, ಮಹಿಳೆಯರ 100 ಮೀಟರ್ ಫೈನಲ್. ಚಿನ್ನ ಗೆದ್ದಿದ್ದು ಎಲೈನ್ ಥಾಂಪ್ಸನ್-ಹೆರಾ, 10.61 ಸೆಕೆಂಡ್. ಬೆಳ್ಳಿ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್, 10.74. ಕಂಚು ಶೆರಿಕಾ ಜಾಕ್ಸನ್, 10.76. ಮೂವರೂ ಜಮೈಕಾದವರು.

ಈಗ ಅವರ ಎತ್ತರ ನೋಡಿ. ಎಲೈನ್ ಸುಮಾರು 167 ಸೆಂ.ಮೀ. ಶೆಲ್ಲಿ-ಆನ್ 152 ಸೆಂ.ಮೀ., ಅಂದ್ರೆ ಸರಿಯಾಗಿ ಐದಡಿ. ಶೆರಿಕಾ ಸುಮಾರು 174 ಸೆಂ.ಮೀ. ಬೆಳ್ಳಿ ಮತ್ತು ಕಂಚಿನ ನಡುವೆ ಎತ್ತರದಲ್ಲಿ 22 ಸೆಂ.ಮೀ. ವ್ಯತ್ಯಾಸ. ಸಮಯದಲ್ಲಿ? ಸೆಕೆಂಡಿನ ನೂರರಲ್ಲಿ ಎರಡು ಭಾಗ. ಗಿಡ್ಡ ಇರೋರೇ ಮುಂದೆ.

ಇದು ಒಂದು ದಿನದ ಅದೃಷ್ಟ ಅಂತೀರಾ? 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಚಿನ್ನ ಅಮೆರಿಕದ ಶಕ್ಯಾರಿ ರಿಚರ್ಡ್‌ಸನ್, 10.65. ಅವರ ಎತ್ತರ ಸುಮಾರು 155 ಸೆಂ.ಮೀ. ಬೆಳ್ಳಿ ಜಾಕ್ಸನ್, 10.72. ಕಂಚು ಮತ್ತೆ ಫ್ರೇಸರ್-ಪ್ರೈಸ್, 10.77. ಎತ್ತರದ ಜಾಕ್ಸನ್‌ಗೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಇಬ್ಬರೂ ಅವರ ಭುಜದ ಹತ್ತಿರಕ್ಕೆ ಬರೋರು.

ಫ್ರೇಸರ್-ಪ್ರೈಸ್ ದಾಖಲೆ ಪೂರ್ತಿ ಹೇಳಿಬಿಡ್ತೀನಿ. 2008ರ ಬೀಜಿಂಗ್, 2012ರ ಲಂಡನ್, ಎರಡೂ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ. 2009, 2013, 2015, 2019, 2022, ಐದು ಸಲ 100 ಮೀಟರ್ ವಿಶ್ವ ಚಾಂಪಿಯನ್. ನಡುವೆ 2017ರಲ್ಲಿ ಮಗ ಹುಟ್ಟಿದ. ಜೀವನದ ಅತಿ ವೇಗದ ಓಟ 10.60, ಅದು 2021ರಲ್ಲಿ, ಆಗ ಅವರ ವಯಸ್ಸು 34. ಜನ ಪ್ರೀತಿಯಿಂದ ಕರೆಯೋದು 'ಪಾಕೆಟ್ ರಾಕೆಟ್' ಅಂತ.

ಅಂದ್ರೆ ನಮ್ಮ ಹುಡುಗಿಗೂ ಈ ರಾಕೆಟ್‌ಗೂ ಎತ್ತರದಲ್ಲಿ ಇರೋ ಅಂತರ ಒಂದೇ ಒಂದು ಇಂಚು.

ಆದ್ರೆ ಇಲ್ಲಿಗೆ ನಿಲ್ಲಿಸಿದ್ರೆ ಮೋಸ ಆಗುತ್ತೆ. ಒಬ್ಬರು ಗೆದ್ದರು ಅಂತ ಎಲ್ಲರೂ ಗೆಲ್ತಾರೆ ಅನ್ನೋದು ಲೆಕ್ಕ ಅಲ್ಲ. ಅವರು ಯಾಕೆ ಗೆದ್ದರು ಅನ್ನೋದು ಗೊತ್ತಾಗ್ಬೇಕು.

ದರ್ಶಿನಿ ಮತ್ತು ಸ್ಟಾರ್ ಹೋಟೆಲ್

ಓಟದ ವೇಗ ಅಂದ್ರೆ ಒಂದು ಗುಣಾಕಾರ. ಒಂದು ಹೆಜ್ಜೆ ಎಷ್ಟು ಉದ್ದ, ಸೆಕೆಂಡಿಗೆ ಎಷ್ಟು ಹೆಜ್ಜೆ. ಇವೆರಡನ್ನ ಗುಣಿಸಿದ್ರೆ ವೇಗ. ಅಷ್ಟೇ.

ವ್ಯಾಪಾರದ ಭಾಷೆಯಲ್ಲಿ ಹೇಳಬೇಕಂದ್ರೆ, ಬೆಲೆ ಮತ್ತು ಮಾರಾಟ. ಸ್ಟಾರ್ ಹೋಟೆಲ್‌ನಲ್ಲಿ ಒಂದು ಕಾಫಿಗೆ ಮುನ್ನೂರು ರೂಪಾಯಿ, ದಿನಕ್ಕೆ ನೂರು ಕಾಫಿ ಹೋಗುತ್ತೆ. ದರ್ಶಿನಿಯಲ್ಲಿ ಹದಿನೈದು ರೂಪಾಯಿ ಕಾಫಿ, ದಿನಕ್ಕೆ ಎರಡು ಸಾವಿರ. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದ್ರೆ ಇಬ್ಬರದ್ದೂ ಮೂವತ್ತು ಸಾವಿರ. ಯಾರು ದೊಡ್ಡ ವ್ಯಾಪಾರಿ?

ಸ್ಪ್ರಿಂಟ್ ಕೂಡ ಹಾಗೇ. ಉಸೇನ್ ಬೋಲ್ಟ್ 195 ಸೆಂ.ಮೀ. ಎತ್ತರ. 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡ್ ಓಡಿದಾಗ ಇಟ್ಟಿದ್ದು ಸುಮಾರು 41 ಹೆಜ್ಜೆ. ಸರಾಸರಿ ಹೆಜ್ಜೆ 2.44 ಮೀಟರ್, ಸೆಕೆಂಡಿಗೆ 4.28 ಹೆಜ್ಜೆ. ಅವರು ಸ್ಟಾರ್ ಹೋಟೆಲ್.

ಈಗ ಐದಡಿ ಎತ್ತರದ ವಿಶ್ವದರ್ಜೆ ಓಟಗಾರ್ತಿಯನ್ನ ತಗೊಳ್ಳಿ. 100 ಮೀಟರ್‌ಗೆ ಸುಮಾರು 50 ಹೆಜ್ಜೆ, 10.7 ಸೆಕೆಂಡ್ ಅಂತ ಇಟ್ಕೊಳ್ಳೋಣ. ಸರಾಸರಿ ಹೆಜ್ಜೆ 2 ಮೀಟರ್. ಸೆಕೆಂಡಿಗೆ 4.67 ಹೆಜ್ಜೆ. ಅದೇ 10.7 ಸೆಕೆಂಡನ್ನ ಎತ್ತರದ ಓಟಗಾರ್ತಿ 47 ಹೆಜ್ಜೆಯಲ್ಲಿ ಮುಗಿಸಿದ್ರೆ ಹೆಜ್ಜೆ 2.13 ಮೀಟರ್, ಸೆಕೆಂಡಿಗೆ 4.39. ಇಬ್ಬರೂ ಒಟ್ಟಿಗೇ ಗೆರೆ ದಾಟ್ತಾರೆ. ಇವರು ದರ್ಶಿನಿ, ಅವರು ಸ್ಟಾರ್ ಹೋಟೆಲ್.

ಇಲ್ಲೊಂದು ಮಜಾ ಇದೆ, ಗಮನಿಸಿ. 152 ಸೆಂ.ಮೀ. ಎತ್ತರದವರು ಸರಾಸರಿ 2 ಮೀಟರ್ ಹೆಜ್ಜೆ ಹಾಕಿದ್ರೆ, ಅದು ಅವರ ಎತ್ತರದ 1.32 ಪಟ್ಟು. ಬೋಲ್ಟ್‌ದು 1.25 ಪಟ್ಟು. ಅಂದ್ರೆ ತನ್ನ ಮೈಯಳತೆಗೆ ಹೋಲಿಸಿದ್ರೆ ಗಿಡ್ಡ ಓಟಗಾರ್ತಿಯ ಹೆಜ್ಜೆ ಬೋಲ್ಟ್ ಹೆಜ್ಜೆಗಿಂತ ದೊಡ್ಡದು! ನೋಡೋಕೆ ಪುಟ್ಟ ಪುಟ್ಟ ಹೆಜ್ಜೆ ಅನ್ಸುತ್ತೆ, ಅದು ಪುಟ್ಟ ಹೆಜ್ಜೆ ಅಲ್ಲವೇ ಅಲ್ಲ.

ಹಾಗಾದ್ರೆ ಹೆಜ್ಜೆಯ ಉದ್ದ ಎಲ್ಲಿಂದ ಬರುತ್ತೆ? ಕಾಲಿನ ಉದ್ದದಿಂದ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಸ್ವಲ್ಪ ಮಟ್ಟಿಗೆ ಹೌದು. ಆದ್ರೆ ಓಡುವಾಗ ಎರಡೂ ಕಾಲು ಗಾಳಿಯಲ್ಲಿರೋ ಕ್ಷಣ ಇರುತ್ತೆ. ಅಂದ್ರೆ ಪ್ರತಿ ಹೆಜ್ಜೆಯೂ ಒಂದು ಸಣ್ಣ ಜಿಗಿತ. ಜಿಗಿತ ಎಷ್ಟು ದೂರ ಹೋಗುತ್ತೆ ಅನ್ನೋದು ನೆಲವನ್ನ ಎಷ್ಟು ಜೋರಾಗಿ ಒದ್ದಿರಿ ಅನ್ನೋದರ ಮೇಲೆ ನಿಂತಿದೆ.

ಇದರ ಬಗ್ಗೆ ಪೀಟರ್ ವೇಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಹೆಸರಾಂತ ಅಧ್ಯಯನ ಇದೆ. ವೇಗದ ಓಟಗಾರರನ್ನೂ ನಿಧಾನದ ಓಟಗಾರರನ್ನೂ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದರು. ಅವರಿಗೆ ಕಂಡಿದ್ದೇನು? ಪೂರ್ತಿ ವೇಗದಲ್ಲಿ ಓಡುವಾಗ, ಹಿಂದಿನ ಕಾಲನ್ನ ಗಾಳಿಯಲ್ಲಿ ಮುಂದಕ್ಕೆ ತರೋಕೆ ಇಬ್ಬರೂ ತಗೊಳ್ಳೋ ಸಮಯ ಹೆಚ್ಚು ಕಡಿಮೆ ಒಂದೇ. ದೊಡ್ಡ ವ್ಯತ್ಯಾಸ ಇದ್ದಿದ್ದು, ಪಾದ ನೆಲದಲ್ಲಿರೋ ಅಷ್ಟು ಹೊತ್ತಲ್ಲಿ ತಮ್ಮ ದೇಹದ ತೂಕಕ್ಕೆ ಹೋಲಿಸಿದ್ರೆ ಎಷ್ಟು ಬಲ ಹಾಕ್ತಾರೆ ಅನ್ನೋದ್ರಲ್ಲಿ. ದೊಡ್ಡ ಓಟಗಾರರ ಪಾದ ನೆಲ ಮುಟ್ಟೋದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಒಂದು ಚಿಟಿಕೆ ಹೊಡೆಯೋಷ್ಟು ಹೊತ್ತು ಕೂಡ ಇಲ್ಲ. ಅಷ್ಟರಲ್ಲಿ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚು ಬಲ ನೆಲಕ್ಕೆ ಹೋಗ್ಬೇಕು.

ಇದನ್ನ ಸ್ಕೂಲ್ ಹುಡುಗಿಗೆ ಹಾಕಿ ನೋಡೋಣ. ಉದಾಹರಣೆಗೆ, 150 ಸೆಂ.ಮೀ. ಎತ್ತರದ ಹುಡುಗಿ 100 ಮೀಟರನ್ನ 14 ಸೆಕೆಂಡಲ್ಲಿ, 62 ಹೆಜ್ಜೆಯಲ್ಲಿ ಓಡ್ತಾಳೆ ಅಂತಿಟ್ಕೊಳ್ಳಿ. ಸೆಕೆಂಡಿಗೆ 4.43 ಹೆಜ್ಜೆ. ಅರೆ, ಇದು ಬೋಲ್ಟ್‌ಗಿಂತ ಜಾಸ್ತಿ! ಕಾಲು ಆಡಿಸೋದ್ರಲ್ಲಿ ಅವಳೇನೂ ಹಿಂದಿಲ್ಲ. ಹೆಜ್ಜೆ ಎಷ್ಟು? 1.61 ಮೀಟರ್, ಅವಳ ಎತ್ತರದ 1.07 ಪಟ್ಟು. 1.07ರಿಂದ 1.32ರ ನಡುವಿನ ದಾರಿ ಇದೆಯಲ್ಲ, ಅದೇ ತರಬೇತಿ. ಅವಳ ಹೆಜ್ಜೆ ಬೆಳೀಬೇಕು. ಅವಳ ಎತ್ತರ ಬೆಳೀಬೇಕಾಗಿಲ್ಲ.

ಗಿಡ್ಡ ಮೈಗೂ ಒಂದು ಲಾಭ ಇದೆ

ಪ್ರಕೃತಿಯ ಲೆಕ್ಕಪುಸ್ತಕದಲ್ಲಿ ಯಾರಿಗೂ ಪೂರ್ತಿ ಲಾಭ ಇಲ್ಲ. ಎತ್ತರಕ್ಕೂ ಖರ್ಚಿದೆ.

ಒಂದೇ ಆಕಾರದ ಎರಡು ಕಾಲು, ಒಂದು ಇನ್ನೊಂದಕ್ಕಿಂತ ಹತ್ತು ಪರ್ಸೆಂಟ್ ಉದ್ದ ಅಂತಿಟ್ಕೊಳ್ಳಿ. ಉದ್ದದ ಜೊತೆ ದಪ್ಪವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತೆ. ಆಗ ತೂಕ ಸುಮಾರು 33 ಪರ್ಸೆಂಟ್ ಹೆಚ್ಚು. ಆದ್ರೆ ಸ್ನಾಯುವಿನ ಬಲ ಅದರ ದಪ್ಪವನ್ನ ಅವಲಂಬಿಸಿರುತ್ತೆ, ಅದು ಹೆಚ್ಚೋದು ಬರೀ 21 ಪರ್ಸೆಂಟ್. ತೂಕ ಏರಿದಷ್ಟು ಬಲ ಏರಲ್ಲ. ಇನ್ನು ಆ ಕಾಲನ್ನ ಬೀಸೋಕೆ ಇರೋ ಅಡ್ಡಿ ಎಷ್ಟು ಹೆಚ್ಚುತ್ತೆ ಗೊತ್ತಾ? ಸುಮಾರು 61 ಪರ್ಸೆಂಟ್. ಸಣ್ಣ ಪೊರಕೆ ಬೀಸೋದು ಸುಲಭ, ಉದ್ದ ಕೋಲಿನ ಪೊರಕೆ ಬೀಸೋದು ಕಷ್ಟ, ಅದೇ ಲೆಕ್ಕ.

ಇದರ ಫಲ ಕಾಣೋದು ಸ್ಟಾರ್ಟ್‌ನಲ್ಲಿ. ಬ್ಲಾಕ್‌ನಲ್ಲಿ ಮಡಚಿ ಕೂತ ಮೈ ಬಿಚ್ಚಿಕೊಂಡು ಏಳಬೇಕು, ಮೊದಲ ಹತ್ತು ಹೆಜ್ಜೆ ಪಟಪಟ ಬೀಳಬೇಕು. ಉದ್ದ ಕೈಕಾಲಿನವರಿಗೆ ಇದು ಕಷ್ಟದ ಕೆಲಸ. ಬೋಲ್ಟ್ ಓಟಗಳಲ್ಲೂ ಮೊದಲ 20–30 ಮೀಟರ್ ಅವರ ಬಲವಾದ ಜಾಗ ಆಗಿರಲಿಲ್ಲ. ಫ್ರೇಸರ್-ಪ್ರೈಸ್ ಓಟದ ವಿಡಿಯೊ ಯೂಟ್ಯೂಬಲ್ಲಿ ನೋಡಿ. ಗುಂಡಿನ ಸದ್ದಾದ ತಕ್ಷಣ ಅವರು ಹೊರಗೆ ಬರೋ ರೀತಿ, 30 ಮೀಟರ್ ಆಗೋಷ್ಟರಲ್ಲಿ ಉಳಿದವರಿಗೆ ಬೆನ್ನು ಕಾಣಿಸೋ ರೀತಿ, ಅದೇ ಅವರ ಬಂಡವಾಳ. 2014ರಲ್ಲಿ 60 ಮೀಟರ್ ಒಳಾಂಗಣ ವಿಶ್ವ ಚಿನ್ನ ಕೂಡ ಗೆದ್ದಿದ್ದಾರೆ, 6.98 ಸೆಕೆಂಡ್.

ಎತ್ತರ ಕೆಲಸ ಮಾಡೋದು ಎಲ್ಲಿ?

ಈಗ ಇನ್ನೊಂದು ಪುಟ ತಿರುಗಿಸೋಣ. ದೂರ ಹೆಚ್ಚಾದಂತೆ ಎತ್ತರದವರ ಕಡೆ ತಕ್ಕಡಿ ಸ್ವಲ್ಪ ವಾಲುತ್ತೆ. ಯಾಕಂದ್ರೆ ಸೆಕೆಂಡಿಗೆ ನಾಲ್ಕೂವರೆಗಿಂತ ಹೆಚ್ಚು ಹೆಜ್ಜೆ ಹಾಕೋದು 10 ಸೆಕೆಂಡಿಗೆ ಸರಿ. 22 ಸೆಕೆಂಡ್, 50 ಸೆಕೆಂಡ್ ಅದನ್ನೇ ಉಳಿಸಿಕೊಳ್ಳೋದು ಬಹಳ ಕಷ್ಟ. ಸ್ನಾಯು ಸುಸ್ತಾಗುತ್ತೆ. ಆಗ ಉದ್ದ ಹೆಜ್ಜೆ ಇರೋರಿಗೆ ಕಡಿಮೆ ಹೆಜ್ಜೆಯಲ್ಲಿ ಕೆಲಸ ಮುಗಿಯುತ್ತೆ.

ಇದಕ್ಕೆ ಒಳ್ಳೇ ಉದಾಹರಣೆ 2022ರ ಯೂಜೀನ್ ವಿಶ್ವ ಚಾಂಪಿಯನ್‌ಶಿಪ್. ಅದೇ ಇಬ್ಬರು, ಅದೇ ಟ್ರ್ಯಾಕ್, ಅದೇ ವಾರ. 100 ಮೀಟರಲ್ಲಿ ಫ್ರೇಸರ್-ಪ್ರೈಸ್ 10.67, ಜಾಕ್ಸನ್ 10.73. ಗಿಡ್ಡ ಇರೋರಿಗೆ ಚಿನ್ನ. 200 ಮೀಟರಲ್ಲಿ ಜಾಕ್ಸನ್ 21.45, ಫ್ರೇಸರ್-ಪ್ರೈಸ್ 21.81. ಎತ್ತರ ಇರೋರಿಗೆ ಚಿನ್ನ. ಜಾಕ್ಸನ್ ಮೊದಲು 400 ಮೀಟರ್ ಓಡ್ತಿದ್ದವರು, 2016ರ ರಿಯೊದಲ್ಲಿ 400ಕ್ಕೆ ಕಂಚು ಗೆದ್ದವರು ಅನ್ನೋದನ್ನೂ ಮರೀಬೇಡಿ. ಬರೀ ಎತ್ತರ ಅಲ್ಲ, ವರ್ಷಗಟ್ಟಲೆ ಆ ದೂರಕ್ಕೆ ಮಾಡಿದ ತರಬೇತಿಯೂ ಅಲ್ಲಿ ಕೆಲಸ ಮಾಡಿದೆ.

400 ಮೀಟರ್‌ಗೆ ಬಂದ್ರೆ ಬಹಾಮಾಸ್‌ನ ಶೋನೆ ಮಿಲ್ಲರ್-ಉಯಿಬೊ ಇದ್ದಾರೆ. ಸುಮಾರು 185 ಸೆಂ.ಮೀ., ಅಂದ್ರೆ ಆರಡಿ ದಾಟಿದ ಎತ್ತರ. 2016, 2021, ಎರಡು ಒಲಿಂಪಿಕ್ಸ್‌ನಲ್ಲಿ ಚಿನ್ನ. ಆದ್ರೆ ಅಲ್ಲೂ ಇದೇ ನಿಯಮ ಅನ್ನೋಕಾಗಲ್ಲ. 400ರ ವಿಶ್ವದಾಖಲೆ 47.60, 1985ರಲ್ಲಿ ಪೂರ್ವ ಜರ್ಮನಿಯ ಮರಿಟಾ ಕೋಹ್ ಓಡಿದ್ದು. ಅವರ ಎತ್ತರ ಸುಮಾರು 171 ಸೆಂ.ಮೀ.

ಎತ್ತರದವರು 100 ಮೀಟರ್ ಗೆಲ್ಲಲ್ಲ ಅಂತಲೂ ನಾನು ಹೇಳ್ತಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 100, 200, ರಿಲೇ ಮೂರೂ ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್ ಸುಮಾರು 180 ಸೆಂ.ಮೀ. ಎತ್ತರ. ಚಿಕ್ಕವಳಿದ್ದಾಗ ಪೋಲಿಯೊ ಬಂದು ಕಾಲಿಗೆ ಬ್ರೇಸ್ ಹಾಕಿಕೊಂಡು ನಡೆದ ಹುಡುಗಿ ಅವರು. ಆ ಹುಡುಗಿಯನ್ನ ಎಂಟನೇ ವಯಸ್ಸಲ್ಲಿ ನೋಡಿದ್ದಿದ್ರೆ ಯಾವ ಟೇಪು ಹಿಡಿದು 'ಇವಳು ಓಡ್ತಾಳೆ' ಅಂತ ಹೇಳ್ತಿದ್ವಿ ನಾವು?

ನನಗೆ ತುಂಬಾ ಇಷ್ಟವಾದ ಉದಾಹರಣೆ ಹರ್ಡಲ್ಸ್‌ದು. 100 ಮೀಟರ್ ಹರ್ಡಲ್ಸ್ ಅಂದ್ರೆ ಉದ್ದ ಕಾಲು ಬೇಕೇ ಬೇಕು ಅನ್ಸುತ್ತೆ ಅಲ್ವಾ? ಹತ್ತು ಹರ್ಡಲ್, ಪ್ರತಿಯೊಂದರ ಎತ್ತರ 83.8 ಸೆಂ.ಮೀ. ಎರಡರ ನಡುವೆ 8.5 ಮೀಟರ್, ಅದನ್ನ ಮೂರೇ ಹೆಜ್ಜೆಯಲ್ಲಿ ಓಡಬೇಕು. ಇದರ ವಿಶ್ವದಾಖಲೆ 12.12 ಸೆಕೆಂಡ್, 2022ರಲ್ಲಿ ನೈಜೀರಿಯಾದ ಟೋಬಿ ಅಮುಸಾನ್ ಓಡಿದ್ದು. ಅವರ ಎತ್ತರ ಸುಮಾರು 156 ಸೆಂ.ಮೀ.! ಹರ್ಡಲ್ ಅವರ ಸೊಂಟದ ಹತ್ತಿರಕ್ಕೆ ಬರುತ್ತೆ. ಸರ್ ಹತ್ರ ಟೇಪ್ ಇದ್ದಿದ್ರೆ ಮೊದಲನೇ ದಿನವೇ ವಾಪಸ್ ಕಳಿಸ್ತಿದ್ರು.

ಸರಾಸರಿ ಅನ್ನೋದು ಗೇಟ್ ಅಲ್ಲ

ಹಾಗಾದ್ರೆ ಪಿಟಿ ಸರ್‌ಗೆ ಆ ಯೋಚನೆ ಯಾಕೆ ಬಂತು? ಅವರು ಕೆಟ್ಟವರೇನಲ್ಲ. ಮುನ್ನೂರು ಮಕ್ಕಳು, ಒಂದು ಮೈದಾನ, ಒಂದು ಸ್ಟಾಪ್‌ವಾಚ್. ಬೇಗ ಆರಿಸ್ಬೇಕು. ಮತ್ತೆ ನಮ್ಮ ಕಣ್ಣಲ್ಲಿ ಓಟಗಾರ್ತಿ ಅಂದ್ರೆ ಉದ್ದ ಕಾಲಿನ ಪಿ.ಟಿ. ಉಷಾ. ಅವರು 1984ರ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿಸಿಕೊಂಡಿದ್ದು 400 ಮೀಟರ್ ಹರ್ಡಲ್ಸ್‌ನಲ್ಲಿ. ಆ ಚಿತ್ರ ಹಾಗೇ ಉಳ್ಕೊಂಡಿದೆ.

ಇಲ್ಲಿ ಒಂದು ಸ್ಟ್ಯಾಟಿಸ್ಟಿಕ್ಸ್ ತಪ್ಪು ಆಗುತ್ತೆ. ದೊಡ್ಡ ಸ್ಪರ್ಧೆಗಳಲ್ಲಿ ಓಡೋರ ಸರಾಸರಿ ಎತ್ತರ ನೋಡಿದ್ರೆ ಅದು ಐದಡಿಗಿಂತ ಜಾಸ್ತಿನೇ ಇರುತ್ತೆ. ಆದ್ರೆ ಸರಾಸರಿ ಅನ್ನೋದು ಒಳಗೆ ಇರೋರ ವಿವರ. ಅದು ಒಳಗೆ ಬಿಡೋ ಗೇಟ್ ಅಲ್ಲ. ನಿಮ್ಮ ಕ್ಲಾಸಿನ ಸರಾಸರಿ ಮಾರ್ಕ್ಸ್ 60 ಅಂದ್ರೆ, 60ಕ್ಕಿಂತ ಕಡಿಮೆ ತಗೊಂಡೋರೆಲ್ಲ ಫೇಲ್ ಅಂತ ಅರ್ಥನಾ?

ಇನ್ನೂ ಒಂದು ವಿಷಯ ಕೇಳಿ. ಭಾರತದ ವಯಸ್ಕ ಹೆಣ್ಣುಮಕ್ಕಳ ಸರಾಸರಿ ಎತ್ತರ ಸುಮಾರು 152 ಸೆಂ.ಮೀ. ಇದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಳತೆಗಳಿಂದ ತಿಳಿದಿದ್ದು. 152! ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ ಎತ್ತರವೇ ಅದು. ಅಂದ್ರೆ "ಐದಡಿ ಸಾಲದು" ಅಂತ ಒಂದು ಗೆರೆ ಎಳೆದ್ರೆ, ಓಡಿಸಿ ನೋಡೋ ಮೊದಲೇ ದೇಶದ ಅರ್ಧದಷ್ಟು ಹುಡುಗಿಯರನ್ನ ಹೊರಗೆ ಹಾಕಿದ ಹಾಗೆ. ದುತಿ ಚಂದ್ 2021ರಲ್ಲಿ ಪಟಿಯಾಲದಲ್ಲಿ 11.17 ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಟೋಕಿಯೊದ ನೇರ ಅರ್ಹತೆಗೆ 11.15 ಬೇಕಿತ್ತು. ಜಗತ್ತಿನ ಮುಂಚೂಣಿಗೂ ನಮಗೂ ಅರ್ಧ ಸೆಕೆಂಡಿನ ಅಂತರ ಇರುವಾಗ, ಅರ್ಧ ಹುಡುಗಿಯರನ್ನ ಅಸೆಂಬ್ಲಿ ಲೈನಲ್ಲೇ ಬಿಟ್ಟುಬಿಡೋ ಶ್ರೀಮಂತಿಕೆ ನಮಗಿದೆಯಾ?

ಇನ್ನು ವಯಸ್ಸು. ಹುಡುಗಿಯರು ಸಾಮಾನ್ಯವಾಗಿ 11–12ರ ಆಸುಪಾಸಿನಲ್ಲಿ ಸರಸರ ಅಂತ ಎತ್ತರ ಆಗ್ತಾರೆ. ಕೆಲವರಿಗೆ ಅದು ಒಂದೆರಡು ವರ್ಷ ಮೊದಲೇ ಬರುತ್ತೆ, ಕೆಲವರಿಗೆ ತಡವಾಗಿ. ಏಳನೇ ಕ್ಲಾಸಲ್ಲಿ ಎಲ್ಲರಿಗಿಂತ ಉದ್ದ ಇರೋ ಹುಡುಗಿ ಎಷ್ಟೋ ಸಲ ಬೇಗ ಬೆಳೆದವಳು, ಅಷ್ಟೇ. ಅವಳಿಗೆ ಆಗ ಬಲವೂ ಹೆಚ್ಚಿರುತ್ತೆ, ಗೆಲ್ತಾಳೆ. ಹತ್ತನೇ ಕ್ಲಾಸಿಗೆ ಬರುವಾಗ ಉಳಿದವರೂ ಬೆಳೆದಿರ್ತಾರೆ. ಆದ್ರೆ ಅಷ್ಟರಲ್ಲಿ ಅವರು ಓಡೋದನ್ನೇ ಬಿಟ್ಟಿರ್ತಾರೆ, ಯಾಕಂದ್ರೆ ಯಾರೋ 'ಆಗಲ್ಲ' ಅಂದಿದ್ರು.

21 ವರ್ಷದ ಹುಡುಗಿ, 2008

ಜಮೈಕಾದ ಕಥೆಗೆ ಒಂದು ಸಲ ವಾಪಸ್ ಹೋಗೋಣ. ಫ್ರೇಸರ್-ಪ್ರೈಸ್ ಬೆಳೆದಿದ್ದು ಕಿಂಗ್‌ಸ್ಟನ್‌ನ ವಾಟರ್‌ಹೌಸ್ ಅನ್ನೋ ಬಡ ಬಡಾವಣೆಯಲ್ಲಿ. ಅಮ್ಮ ಬೀದಿಬದಿ ವ್ಯಾಪಾರ ಮಾಡ್ತಿದ್ದರು. 2008ರಲ್ಲಿ ಇವರಿಗೆ 21 ವರ್ಷ, ಹೊರಗೆ ಯಾರಿಗೂ ಅಷ್ಟು ಗೊತ್ತಿಲ್ಲ. ಜಮೈಕಾದ ಆಯ್ಕೆ ಓಟದಲ್ಲಿ ಮೊದಲ ಮೂವರಲ್ಲಿ ಬಂದು ಒಲಿಂಪಿಕ್ಸ್ ಜಾಗ ಗಿಟ್ಟಿಸಿಕೊಂಡರು. ನಾಲ್ಕನೆಯವರಾಗಿ ಬಂದಿದ್ದು ವೆರೋನಿಕಾ ಕ್ಯಾಂಪ್‌ಬೆಲ್-ಬ್ರೌನ್, ಆಗಿನ ದೊಡ್ಡ ತಾರೆ. ಈ ಹೊಸ ಹುಡುಗಿಯನ್ನ ಬಿಟ್ಟು ತಾರೆಯನ್ನೇ ಕಳಿಸಿ ಅನ್ನೋ ಒತ್ತಾಯ ಬಂತು. ಆದ್ರೆ ಓಟದಲ್ಲಿ ಯಾರು ಮುಂದೆ ಬಂದರೋ ಅವರೇ ಹೋದರು. ಬೀಜಿಂಗ್‌ನಲ್ಲಿ ಆ ಹುಡುಗಿ 10.78 ಓಡಿ ಚಿನ್ನ ಗೆದ್ದಳು. ಎರಡನೇ ಸ್ಥಾನಕ್ಕೆ 10.98, ಇಬ್ಬರಿಗೆ ಬೆಳ್ಳಿ, ಅವರೂ ಜಮೈಕಾದವರೇ.

ಅಲ್ಲಿ ಶಾಲಾ ಮಕ್ಕಳ ಅಥ್ಲೆಟಿಕ್ಸ್ ಕೂಟಕ್ಕೆ 'ಚಾಂಪ್ಸ್' ಅಂತಾರೆ. ನೂರು ವರ್ಷಕ್ಕೂ ಹಳೆಯದು. ನಮ್ಮಲ್ಲಿ ಕ್ರಿಕೆಟ್‌ಗೆ ಸೇರೋ ಹಾಗೆ ಅಲ್ಲಿ ಸ್ಟೇಡಿಯಂ ತುಂಬಾ ಜನ ಸೇರ್ತಾರೆ. ಅಲ್ಲಿ ಆರಿಸೋದು ಗಡಿಯಾರ. ನಾವು ಕಲೀಬೇಕಾದ್ದು ಇದೊಂದೇ.

ಪೌಡರ್ ಮತ್ತು ಫೋನು

ಕೊನೆಗೆ ನಮ್ಮ ಹುಡುಗಿಯ ಪ್ರಶ್ನೆ. ಪುಟ್ಟಾ, ಇದನ್ನ ಅಮ್ಮನ ಜೊತೆ ಕೂತು ಕೇಳು.

ಪೌಡರ್ ಬೇಡ. ಎತ್ತರದ ಬಹುಪಾಲು ಅಪ್ಪ-ಅಮ್ಮನಿಂದ ಬಂದಿರುತ್ತೆ, ಉಳಿದಿದ್ದು ಚಿಕ್ಕಂದಿನಿಂದ ತಿಂದ ಊಟ, ಆರೋಗ್ಯ. ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತೆ, ಅದು ಮುಚ್ಚಿಕೊಂಡ ಮೇಲೆ ಯಾವ ಪೌಡರೂ ಎತ್ತರ ಕೊಡಲ್ಲ. ಕಂಬಿಗೆ ಜೋತುಬಿದ್ರೂ ಕೊಡಲ್ಲ. ಆ ದುಡ್ಡಲ್ಲಿ ಮೊಟ್ಟೆ, ಹಾಲು, ಕಾಳು, ಶೇಂಗಾ ತಗೊಳ್ಳಿ. ಓಡೋ ಹುಡುಗಿ ಹೊಟ್ಟೆ ತುಂಬಾ ತಿನ್ನಬೇಕು. ತೂಕ ಇಳಿಸ್ತೀನಿ ಅಂತ ಊಟ ಬಿಟ್ಟು ಓಡಬೇಡ. ಬೆಳವಣಿಗೆ ಬಗ್ಗೆ ಅಮ್ಮನಿಗೆ ನಿಜವಾಗಿ ಆತಂಕ ಇದ್ರೆ ಮಕ್ಕಳ ಡಾಕ್ಟರಿಗೆ ಒಂದು ಸಲ ತೋರಿಸಿ, ಜಾಹೀರಾತಿಗಲ್ಲ.

ಎರಡನೇದು, ಅಮ್ಮನ ಫೋನು ತಗೋ. ಸ್ನೇಹಿತೆಗೆ ಕೊಟ್ಟು ನಿನ್ನ 100 ಮೀಟರ್ ಓಟವನ್ನ ಪಕ್ಕದಿಂದ ಸ್ಲೋ ಮೋಷನಲ್ಲಿ ವಿಡಿಯೊ ಮಾಡಿಸು. ಹೆಜ್ಜೆ ಎಣಿಸು. 100ನ್ನ ಹೆಜ್ಜೆಯಿಂದ ಭಾಗಿಸಿದ್ರೆ ನಿನ್ನ ಹೆಜ್ಜೆಯ ಉದ್ದ. ಹೆಜ್ಜೆಯನ್ನ ಸೆಕೆಂಡಿಂದ ಭಾಗಿಸಿದ್ರೆ ನಿನ್ನ ವೇಗದ ಎಣಿಕೆ. ನೋಟ್‌ಬುಕ್ಕಲ್ಲಿ ತಾರೀಕು ಹಾಕಿ ಬರಿ. ಮೊದಲ 30 ಮೀಟರ್ ಸಮಯ ಬೇರೆ ಬರಿ. ನಿಂತಲ್ಲಿಂದ ಎಷ್ಟು ದೂರ ಜಿಗೀತೀಯ ಅದನ್ನೂ ಬರಿ. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆದು ನೋಡು.

ಹೆಜ್ಜೆ ಉದ್ದ ಮಾಡ್ಬೇಕು ಅಂತ ಕಾಲನ್ನ ಮುಂದೆ ಚಾಚಿ ಇಡಬೇಡ. ಪಾದ ಮೈಗಿಂತ ತುಂಬಾ ಮುಂದೆ ಬಿದ್ರೆ ಅದೇ ಬ್ರೇಕ್ ಆಗುತ್ತೆ. ಪಾದ ಸೊಂಟದ ಹತ್ತಿರ, ಸ್ವಲ್ಪವೇ ಮುಂದೆ ಬೀಳಬೇಕು, ನೆಲವನ್ನ ಹಿಂದಕ್ಕೆ ತಳ್ಳಬೇಕು. ಹೆಜ್ಜೆಯನ್ನ ಬೆಳೆಸೋದು ಬಲ, ಚಾಚೋದಲ್ಲ. ಬ್ಲಾಕ್ ಸಿಕ್ಕಿದ್ರೆ ಬೇರೆಯವರ ಅಳತೆಗೆ ಇಟ್ಟಿದ್ದನ್ನ ಹಾಗೇ ಬಳಸಬೇಡ, ನಿನ್ನ ಕಾಲಿನ ಅಳತೆಗೆ ಸರಿ ಮಾಡ್ಕೋ.

ಇದೆಲ್ಲ ಮಾಡಿದ್ರೆ ಒಲಿಂಪಿಕ್ಸ್‌ಗೆ ಹೋಗ್ತೀಯ ಅಂತ ನಾನು ಹೇಳಲ್ಲ. ಐದಡಿಯವರಲ್ಲೂ, ಐದೂಮುಕ್ಕಾಲು ಅಡಿಯವರಲ್ಲೂ ಅಲ್ಲಿಗೆ ಹೋಗೋರು ಕೋಟಿಗೊಬ್ಬರು. ಎರಡು ವರ್ಷ ಆದಮೇಲೆ ನಿನಗೇ 'ಖೊ-ಖೊನೇ ಚಂದ' ಅನ್ಸಿದ್ರೆ ಖುಷಿಯಾಗಿ ಆಡು, ಅದು ಅದ್ಭುತವಾದ ಆಟ, ಅಲ್ಲೂ ಈ ಸ್ಟಾರ್ಟೇ ಬೇಕು. ಆದ್ರೆ ಆ ತೀರ್ಮಾನ ನಿನ್ನ ನೋಟ್‌ಬುಕ್ ನೋಡಿ ಆಗಬೇಕು. ಟೇಪು ನೋಡಿ ಅಲ್ಲ.

ಮತ್ತೆ ಸರ್ ಹತ್ರ ಜಗಳ ಬೇಡ. ಆ ನೋಟ್‌ಬುಕ್ ತಗೊಂಡು ಹೋಗು. "ಸರ್, ಒಂದು ಸಲ ಎಲ್ಲರ ಜೊತೆ ಟೈಮ್ ತಗೊಂಡು ನೋಡಿ" ಅಂತ ಕೇಳು. ಬೇಡ ಅನ್ನಲ್ಲ ಅವರು.

ಕೇಳ್ತಿರೋ ಪಿಟಿ ಸರ್, ಮೇಡಂ ಯಾರಾದ್ರೂ ಇದ್ದರೆ ನಿಮ್ಮಲ್ಲೂ ಒಂದು ವಿನಂತಿ. ಈ ಸಲ ರಿಲೇ ಟೀಮ್ ಆರಿಸುವಾಗ ಮಕ್ಕಳನ್ನ ಎತ್ತರದ ಸಾಲಲ್ಲಿ ನಿಲ್ಲಿಸೋ ಮೊದಲು ಒಂದು 30 ಮೀಟರ್ ಓಡಿಸಿ. ಒಂದು ಮಗುವಿಗೆ ಹೆಚ್ಚಂದ್ರೆ ಆರು ಸೆಕೆಂಡ್ ಬೇಕು. ಮುನ್ನೂರು ಮಕ್ಕಳಿಗೆ ಅರ್ಧ ಗಂಟೆ ಓಟ. ಸಾಲು ಮಾಡಿಸೋದು, ಗಲಾಟೆ ನಿಲ್ಲಿಸೋದು ಎಲ್ಲ ಸೇರಿ ಎರಡು ಪೀರಿಯಡ್ ಅಂತಿಟ್ಕೊಳ್ಳಿ.

ಇವತ್ತಿಗೆ ಇಷ್ಟು. ನಿಮ್ಮಲ್ಲೂ ಯಾರನ್ನಾದ್ರೂ ಎತ್ತರ ನೋಡಿ ಪಕ್ಕಕ್ಕೆ ನಿಲ್ಲಿಸಿದ್ದಿದ್ರೆ, ಅಥವಾ ನಿಂತೂ ಆಮೇಲೆ ಓಡಿದ್ದಿದ್ರೆ, ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮನೇಲಿ ಓಡೋ ಹುಡುಗಿ ಇದ್ರೆ ಈ ಸಂಚಿಕೆ ಕೇಳಿಸಿ. ಮುಂದಿನ ವಾರ ಸಿಗೋಣ.